ಊರಿನ ಹೆಸರಿನ ತಂಡಕ್ಕೆ ಊರಿನ ಮಂದಿ ಬೇಕಾದರೆ: ಕಲಬುರಗಿಗೊಂದು ಮಾರ್ಗದರ್ಶಿ

2022ರ ಆಗಸ್ಟ್‌ನಲ್ಲಿ ಕರ್ನಾಟಕದ ಮಹಾರಾಜ ಟ್ರೋಫಿ ಟಿ20 ಕ್ರಿಕೆಟ್ ಟೂರ್ನಿಯ ಮೊದಲ ಆವೃತ್ತಿಯನ್ನು ಕಲಬುರಗಿಯ ತಂಡ ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಬೆಂಗಳೂರು ಬ್ಲಾಸ್ಟರ್ಸ್. ಕಪ್ ಎತ್ತಿದ ನಾಯಕ ಮನೀಷ್ ಪಾಂಡೆ. ಮರುವರ್ಷ ಅದೇ ಪಾಂಡೆ ಹುಬ್ಬಳ್ಳಿ ಟೈಗರ್ಸ್ ನಾಯಕರಾಗಿ ಮತ್ತೆ ಕಪ್ ಎತ್ತಿದರು. ಈ ಎರಡು ವರ್ಷ ಟಿವಿ ಮುಂದೆ ಕುಳಿತಿದ್ದ ಸೇಡಂನ ಹುಡುಗ ಯಾರ ಅಭಿಮಾನಿ? ಆಟಗಾರನನ್ನು ನೆಚ್ಚಿಕೊಂಡಿದ್ದರೆ ಅವನು ಒಂದೇ ವರ್ಷದಲ್ಲಿ ಹುಬ್ಬಳ್ಳಿಯ ಪಾಲಾದ.

ಹರಾಜಿನ ಲೀಗ್‌ಗಳಲ್ಲಿ ಇದು ತಪ್ಪಿದ್ದಲ್ಲ. ಕಲಬುರಗಿ ತಂಡಕ್ಕೆ ಇನ್ನೊಂದು ತೊಡಕೂ ಇದೆ. 2022ರಿಂದ 2025ರವರೆಗೆ ಈ ಟೂರ್ನಿಯ ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರಿನಲ್ಲಿ. ಊರಿನ ಹೆಸರು ಜೆರ್ಸಿಯ ಮೇಲಿದೆ, ಆಟ ಮಾತ್ರ ಊರಲ್ಲಿಲ್ಲ. ಆದ್ದರಿಂದ ಅಭಿಮಾನಿ ಬಳಗ ಕಟ್ಟುವವರು ಒಂದು ಮಾತನ್ನು ಗಟ್ಟಿಯಾಗಿ ಹಿಡಿಯಬೇಕು: ವರ್ಷವರ್ಷವೂ ಬದಲಾಗುವುದರ ಮೇಲೆ ಅಭಿಮಾನ ಕಟ್ಟಬಾರದು, ಬದಲಾಗದ್ದರ ಮೇಲೆ ಕಟ್ಟಬೇಕು. ಟೂರ್ನಿ ಎರಡು-ಮೂರು ವಾರದಲ್ಲಿ ಮುಗಿಯುತ್ತದೆ. ಕೆಲಸ ಇರುವುದು ಉಳಿದ ಹನ್ನೊಂದು ತಿಂಗಳಲ್ಲಿ.

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕ್ರಿಕೆಟ್, ಕಬಡ್ಡಿ ಅಥವಾ ವಾಲಿಬಾಲ್ ತಂಡ ನಡೆಸುವವರಿಗೆ, ಅಭಿಮಾನಿ ಬಳಗ ಕಟ್ಟಲು ಹೊರಟವರಿಗೆ ಮುಂದಿನ ಹಂತಗಳು. ಊರು ಚಿಕ್ಕದು, ಇಲ್ಲಿ ಇದೆಲ್ಲ ಆಗದು ಎನ್ನುವವರು ಅಮೆರಿಕದ ಗ್ರೀನ್ ಬೇ ಊರನ್ನು ನೋಡಬೇಕು. ಅಲ್ಲಿನ ಜನಸಂಖ್ಯೆ 1 ಲಕ್ಷದ ಆಸುಪಾಸು. ಅಲ್ಲಿನ ಪ್ಯಾಕರ್ಸ್ ಅಮೆರಿಕನ್ ಫುಟ್‌ಬಾಲ್ ತಂಡದ ಷೇರುಗಳು 1923ರಿಂದ ಸಾಮಾನ್ಯ ಜನರ ಕೈಯಲ್ಲಿವೆ, 1960ರಿಂದ ಇಡೀ ಸೀಸನ್‌ನ ಟಿಕೆಟ್‌ಗಳು ಮೊದಲೇ ಖಾಲಿಯಾಗುತ್ತ ಬಂದಿವೆ. ಕಲಬುರಗಿ ನಗರ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿದೆ.

1. ಬದಲಾಗದ್ದನ್ನು ಮೊದಲು ಗೊತ್ತುಮಾಡಿ

ಬಣ್ಣ, ಲಾಂಛನ, ಕಚೇರಿಯ ಜಾಗ, ಕೂಗು, ಊರಲ್ಲೇ ಇರುವ ಒಬ್ಬ ಜವಾಬ್ದಾರ. ಈ ಐದನ್ನು ಕನಿಷ್ಠ ಹತ್ತು ವರ್ಷ ಮುಟ್ಟುವುದಿಲ್ಲ ಎಂದು ಮಾಲೀಕರಿಂದ ಬರೆಸಿಕೊಳ್ಳಿ. ಪ್ರಾಯೋಜಕ ಬದಲಾದಾಗಲೆಲ್ಲ ಜೆರ್ಸಿಯ ಬಣ್ಣ ಬದಲಿಸುವ ತಂಡಕ್ಕೆ ಹಳೆಯ ಜೆರ್ಸಿ ಹಾಕಿಕೊಂಡು ಬರುವ ಅಭಿಮಾನಿ ಹುಟ್ಟುವುದೇ ಇಲ್ಲ.

ನಮ್ಮ ಭಾಗದಲ್ಲಿ ಬಣ್ಣ ಆರಿಸುವುದು ಸೂಕ್ಷ್ಮದ ಕೆಲಸ. ಕೇಸರಿ, ಹಸಿರು, ನೀಲಿ ಮೂರಕ್ಕೂ ಇಲ್ಲಿ ಆಟದ ಹೊರಗಿನ ಅರ್ಥಗಳಿವೆ. ಒಂದೇ ಬಣ್ಣ ಪೂರ್ತಿ ಮೈ ತುಂಬಿದರೆ ಊರಿನ ಒಂದು ಪಾಲು ಮಂದಿ ಅದನ್ನು ತೊಡುವುದಿಲ್ಲ. ಎರಡು ಬಣ್ಣ ಸೇರಿಸಿ, ನೆಲದಿಂದ ಆರಿಸಿ: ಶಹಾಬಾದ್ ಕಲ್ಲಿನ ಬೂದು, ಎರೆಮಣ್ಣಿನ ಕಪ್ಪು, ತೊಗರಿ ಹೂವಿನ ಹಳದಿ. ಬೀದರ್ ತಂಡಕ್ಕಂತೂ ಬಿದ್ರಿ ಕಲೆಯ ಕಪ್ಪು-ಬೆಳ್ಳಿ ಸಿದ್ಧವಾಗಿಯೇ ಇದೆ. ಆರಿಸಿದ ಬಣ್ಣದ ಪ್ಯಾಂಟೋನ್ ಸಂಖ್ಯೆಯನ್ನು (ಮುದ್ರಣದಲ್ಲಿ ಬಣ್ಣ ಗುರುತಿಸುವ ಸಂಕೇತ) ಕಾಗದದ ಮೇಲೆ ಬರೆದಿಡಿ. ಇಲ್ಲವಾದರೆ ಫ್ಲೆಕ್ಸ್ ಅಂಗಡಿಯಲ್ಲಿ ಒಂದು ಹಳದಿ, ಜೆರ್ಸಿ ಹೊಲಿಸುವಲ್ಲಿ ಇನ್ನೊಂದು ಹಳದಿ ಬಂದು ಎರಡೇ ವರ್ಷದಲ್ಲಿ ನಾಲ್ಕು ಬಣ್ಣವಾಗುತ್ತದೆ.

ಕಚೇರಿ ದೊಡ್ಡದಾಗಿರಬೇಕಿಲ್ಲ. ಸೂಪರ್ ಮಾರ್ಕೆಟ್, ಜಗತ್ ವೃತ್ತದ ಸುತ್ತ ನಡೆದು ತಲುಪುವ ಹಾಗೆ, ನೆಲಮಾಳಿಗೆಯಲ್ಲೋ ಮೂರನೇ ಅಂತಸ್ತಿನಲ್ಲೋ ಅಲ್ಲದೆ ರಸ್ತೆಗೆ ಬಾಗಿಲಿರುವ 150 ಚದರಡಿಯ ಮಳಿಗೆ ಸಾಕು. ವರ್ಷಪೂರ್ತಿ ತೆರೆದಿರಬೇಕು. ಟೂರ್ನಿಗೆ ಹದಿನೈದು ದಿನ ಮೊದಲು ತೆರೆದು ಮುಗಿದ ಮೇಲೆ ಶಟರ್ ಎಳೆಯುವ ಕಚೇರಿಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ‘ಇವರು ಸೀಸನ್ನಿಗೆ ಬರುವವರು’ ಎಂಬ ಮಾತು ಊರಲ್ಲಿ ಒಮ್ಮೆ ನಿಂತರೆ ಅಳಿಸಲು ವರ್ಷಗಳು ಬೇಕು.

ಮಳಿಗೆಯ ಬಾಡಿಗೆಗಿಂತ ದೊಡ್ಡ ಖರ್ಚು ಜವಾಬ್ದಾರನ ಸಂಬಳ. ಇದರಲ್ಲಿ ಕೈ ಬಿಗಿಹಿಡಿಯಬೇಡಿ. ಕನ್ನಡದ ಜತೆ ದಖ್ಖನಿ ಉರ್ದು ಸಲೀಸಾಗಿ ಬರುವ, ತಾಲ್ಲೂಕು ತಿರುಗಲು ಬೇಸರವಿಲ್ಲದ, ದೈಹಿಕ ಶಿಕ್ಷಕರ ಪರಿಚಯವಿರುವ ವ್ಯಕ್ತಿ ಬೇಕು. ಬೆಂಗಳೂರಿನಿಂದ ಫೋನಿನಲ್ಲಿ ನಡೆಸುವ ಕೆಲಸವಲ್ಲ ಇದು.

2. ಊರಿನ ಪಂಚಾಂಗಕ್ಕೆ ತಂಡದ ವೇಳಾಪಟ್ಟಿ ಹೊಂದಿಸಿ

ಹೊರಗಿನಿಂದ ಬಂದ ಕಾರ್ಯಕ್ರಮ ಸಂಸ್ಥೆಗಳು ಮುಗ್ಗರಿಸುವುದು ಇಲ್ಲೇ. ಮೈದಾನ ಸಿಕ್ಕ ದಿನ ಕಾರ್ಯಕ್ರಮ ಇಡುತ್ತಾರೆ, ಮಂದಿ ಬರುವುದಿಲ್ಲ, ‘ಇಲ್ಲಿನವರಿಗೆ ಆಸಕ್ತಿಯಿಲ್ಲ’ ಎಂದು ವರದಿ ಬರೆಯುತ್ತಾರೆ. ತಪ್ಪು ಊರಿನದಲ್ಲ, ದಿನದ್ದು.

ಜೂನ್, ಜುಲೈ ತೊಗರಿ ಬಿತ್ತನೆಯ ಕಾಲ. ಹಳ್ಳಿಯವರಿಗೆ ಪುರುಸೊತ್ತೂ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಈಗ ಸದಸ್ಯತ್ವ ಮಾರಲು ಹೋಗಬೇಡಿ, ಶಾಲೆಗಳ ಕಡೆ ತಿರುಗಿ. ಡಿಸೆಂಬರ್ ಕೊನೆಯಿಂದ ತೊಗರಿ ಕಟಾವಾಗಿ ಧಾನ್ಯದ ಮಾರುಕಟ್ಟೆಯಾದ ಗಂಜ್‌ಗೆ ಬರುತ್ತದೆ. ಜನವರಿ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ಸದಸ್ಯತ್ವ, ಜೆರ್ಸಿ ಮಾರಾಟ, ತಾಲ್ಲೂಕು ಟೂರ್ನಿ ಮೂರಕ್ಕೂ ಹೇಳಿ ಮಾಡಿಸಿದ ಹೊತ್ತು, ಹವೆಯೂ ತಂಪು. ಎಳ್ಳ ಅಮವಾಸ್ಯೆಯ ದಿನ ಮಾತ್ರ ಏನನ್ನೂ ಇಡಬೇಡಿ. ಅಂದು ಮನೆಮಂದಿಯೆಲ್ಲ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗಿರುತ್ತಾರೆ, ಪೇಟೆ ಖಾಲಿ.

ಮಾರ್ಚ್‌ನಲ್ಲಿ ಪರೀಕ್ಷೆಗಳು. ಹೋಳಿಯ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ. ಜಾತ್ರೆಗೆ ಎದುರಾಗಿ ಕಾರ್ಯಕ್ರಮ ಇಡುವುದು ಬೇಡ, ಅಲ್ಲಿ ಬರುವವರಿಗೆ ಕುಡಿಯುವ ನೀರಿನ ಅರವಟ್ಟಿಗೆ ಇಡಿ. ತಂಡದ ಬಣ್ಣದ ಎರಡು ಡ್ರಮ್, ನಾಲ್ಕು ಸ್ವಯಂಸೇವಕರು, ಭಾಷಣವಿಲ್ಲ. ಖ್ವಾಜಾ ಬಂದೇನವಾಜ್ ಉರುಸಿನಲ್ಲೂ ಇದನ್ನೇ ಮಾಡಿ. ಒಂದರಲ್ಲಿ ಮಾಡಿ ಇನ್ನೊಂದರಲ್ಲಿ ಬಿಡುವ ತಂಡ ಎರಡೂ ಕಡೆಯ ನಂಬಿಕೆ ಕಳೆದುಕೊಳ್ಳುತ್ತದೆ. ಉರುಸು ಇಸ್ಲಾಮಿ ಚಾಂದ್ರಮಾನದಂತೆ ನಡೆಯುವುದರಿಂದ ಪ್ರತಿವರ್ಷ ಹತ್ತು-ಹನ್ನೊಂದು ದಿನ ಮೊದಲೇ ಬರುತ್ತದೆ. ಕಳೆದ ವರ್ಷದ ದಿನಾಂಕ ನೋಡಿ ಯೋಜನೆ ಹಾಕಬೇಡಿ. ಶುಕ್ರವಾರ ಮಧ್ಯಾಹ್ನ 12.30ರಿಂದ 2.30ರವರೆಗೆ ಏನೂ ಬೇಡ. ರಂಜಾನ್ ತಿಂಗಳಲ್ಲಿ ಸಂಜೆಯ ಆಟ ಇಫ್ತಾರ್, ನಮಾಜ್ ಮುಗಿದ ಮೇಲೆ.

ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿದು. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮೈದಾನದ ಕೆಲಸವೆಲ್ಲ ಬೆಳಿಗ್ಗೆ 6.30ರಿಂದ 9ರೊಳಗೆ ಅಥವಾ ಸಂಜೆ 5.30ರ ಮೇಲೆ. ನೌಕರರು ಮಧ್ಯಾಹ್ನವೇ ಮನೆಗೆ ಬಂದಿರುವುದರಿಂದ ಬೇಸಿಗೆಯ ಸಂಜೆ ಕುಟುಂಬಗಳನ್ನು ಕರೆಯಲು ಒಳ್ಳೆಯದು. ಇದನ್ನು ಬಹಳ ತಂಡಗಳು ಗಮನಿಸುವುದಿಲ್ಲ.

3. ಹತ್ತು ಶಾಲೆ, ನಾಲ್ಕು ಸಲ

ನಲವತ್ತು ಶಾಲೆಗೆ ಒಮ್ಮೊಮ್ಮೆ ಹೋಗುವುದಕ್ಕಿಂತ ಹತ್ತು ಶಾಲೆಗೆ ನಾಲ್ಕು ಸಲ ಹೋಗಿ. ಒಮ್ಮೆ ಬಂದು ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ಹೋದವರನ್ನು ಮಕ್ಕಳು ಮರುದಿನವೇ ಮರೆಯುತ್ತಾರೆ. ನಾಲ್ಕನೇ ಸಲ ಬಂದ ಕೋಚ್‌ನ ಹೆಸರು ಮನೆಯಲ್ಲಿ ಊಟದ ಹೊತ್ತಿಗೆ ಬರುತ್ತದೆ. ಮಗುವಿನ ಮೂಲಕ ಅಪ್ಪ-ಅವ್ವ ತಂಡಕ್ಕೆ ಬರುವುದು ಹಾಗೆ.

ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಯ ಲಿಖಿತ ಅನುಮತಿ ಪಡೆಯಿರಿ, ಮೂರು ವಾರ ಮೊದಲೇ ಅರ್ಜಿ ಕೊಡಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನೂ ಕಾಣಿ. ಹತ್ತರಲ್ಲಿ ಕನಿಷ್ಠ ಆರು ನಗರದ ಹೊರಗಿರಲಿ: ಚಿತ್ತಾಪುರ, ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ, ಕಮಲಾಪುರ. ಉರ್ದು ಮಾಧ್ಯಮದ ಶಾಲೆ, ತಾಂಡಾದ ಶಾಲೆ ಪಟ್ಟಿಯಲ್ಲಿ ಇರಲೇಬೇಕು.

ಒಂದು ಅವಧಿಗೆ 40 ಮಕ್ಕಳು, 90 ನಿಮಿಷ. ಇಬ್ಬರು ಕೋಚ್, ಜತೆಗೆ ಶಾಲೆಯ ದೈಹಿಕ ಶಿಕ್ಷಕರು. 14 ಮಕ್ಕಳಿಗೆ ಒಬ್ಬ ದೊಡ್ಡವರು ಎಂಬ ಲೆಕ್ಕ ಮೀರಿದರೆ ಹಿಂದಿನ ಸಾಲಿನ ಮಕ್ಕಳು ಬರೀ ನಿಂತು ನೋಡುತ್ತಾರೆ. ಮೊದಲ 10 ನಿಮಿಷ ಮೈ ಬೆಚ್ಚಗೆ ಮಾಡುವುದು. ಬಳಿಕ ಹತ್ತು ಹತ್ತು ಮಕ್ಕಳ ನಾಲ್ಕು ಗುಂಪು, ನಾಲ್ಕು ಜಾಗ (ಹಿಡಿಯುವುದು, ಎಸೆಯುವುದು, ಬ್ಯಾಟಿಂಗ್, ಓಟ), ಒಂದೊಂದರಲ್ಲಿ 15 ನಿಮಿಷ. ನಡುವೆ 10 ನಿಮಿಷ ನೀರು, ಕೊನೆಗೆ 10 ನಿಮಿಷ ಮಾತು. ಸಾಮಾನು: ಹಗುರ ಟೆನಿಸ್ ಚೆಂಡು 24, ಪ್ಲಾಸ್ಟಿಕ್ ಬ್ಯಾಟ್ 8, ಸ್ಟಂಪ್ 4 ಜೊತೆ, ಕೋನ್ 24, ತಂಡದ ಬಣ್ಣದ ಮೇಲಂಗಿ 20, 20 ಲೀಟರಿನ ನೀರಿನ ಕ್ಯಾನ್ 2, ಓಆರ್‌ಎಸ್ ಪೊಟ್ಟಣ 20, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಮೊದಲ ಭೇಟಿ ಮುಗಿದ ಮೇಲೆ 6 ಚೆಂಡು, 2 ಬ್ಯಾಟ್ ಶಾಲೆಯಲ್ಲೇ ಬಿಟ್ಟುಬನ್ನಿ. ಎರಡು ಭೇಟಿಗಳ ನಡುವಿನ ದಿನಗಳಲ್ಲಿ ಆಟ ನಡೆಯುವುದು ಅವುಗಳಿಂದಲೇ.

ಪ್ರತಿ ಶಾಲೆಗೆ ಒಬ್ಬ ಕೋಚ್ ಖಾಯಂ. ತಾರಾ ಆಟಗಾರನ ಹೆಸರಲ್ಲಿ ಶಾಲೆ ಹಂಚಬೇಡಿ, ಮುಂದಿನ ಹರಾಜಿನಲ್ಲಿ ಅವನು ಹೋದರೆ ಶಾಲೆಯೂ ಹೋಯಿತು. ಹೆಣ್ಣುಮಕ್ಕಳನ್ನು ‘ಪ್ರೇಕ್ಷಕಿಯರು’ ಎಂದು ಬದಿಗೆ ಕೂರಿಸುವ ಚಾಳಿ ಇನ್ನೂ ಇದೆ. ಪ್ರಾಥಮಿಕ ತರಗತಿಗಳಲ್ಲಿ ಒಟ್ಟಿಗೇ ಆಡಿಸಿ. ಪ್ರೌಢಶಾಲೆಯಲ್ಲಿ ಸಂಕೋಚ ಕಂಡರೆ ಮಹಿಳಾ ಕೋಚ್ ಜತೆ ಬೇರೆ ಗುಂಪು ಮಾಡಿ, ಸಮಯ ಮಾತ್ರ ಕಡಿಮೆ ಕೊಡಬೇಡಿ. ಮಕ್ಕಳ ಫೋಟೊ, ಫೋನ್ ನಂಬರ್ ತೆಗೆದುಕೊಳ್ಳುವ ಮುನ್ನ ಪೋಷಕರ ಒಪ್ಪಿಗೆಗೆ ಸಹಿ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

4. ಇರುವ ಟೂರ್ನಿಗೆ ಕೈಜೋಡಿಸಿ

ಟೆನಿಸ್ ಚೆಂಡಿನ ಟೂರ್ನಿ ಇಲ್ಲದ ತಾಲ್ಲೂಕು ನಮ್ಮಲ್ಲಿಲ್ಲ. ತಂಡದವರು ಬಂದು ಹೊಸ ಟೂರ್ನಿ ಮಾಡಿದರೆ ಹಳೆಯ ಸಂಘಟಕರು ಎದುರಾಳಿಗಳಾಗುತ್ತಾರೆ. ಅದರ ಬದಲು ಅವರ ಟೂರ್ನಿಗೆ ಬೇಕಾದ್ದನ್ನು ಕೊಡಿ: ಇಬ್ಬರು ಒಳ್ಳೆಯ ಅಂಪೈರ್, ಸ್ಕೋರ್ ಹಲಗೆ, ಪ್ರಥಮ ಚಿಕಿತ್ಸೆ, ಗೆದ್ದ ತಂಡಕ್ಕೆ ಜೆರ್ಸಿ. ಹೆಸರು ಅವರದೇ ಇರಲಿ. ಕಲಬುರಗಿ ಜಿಲ್ಲೆಯ ಹನ್ನೊಂದು ತಾಲ್ಲೂಕುಗಳ ವಿಜೇತರಿಗೆ ಫೆಬ್ರುವರಿಯಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಎರಡು ದಿನದ ಅಂತಿಮ ಸುತ್ತು ಇಡಿ.

ಇಲ್ಲಿ ಒಂದು ಎಚ್ಚರಿಕೆ. ‘ಗೆದ್ದವರಿಗೆ ತಂಡದಲ್ಲಿ ಅವಕಾಶ’ ಎಂದು ಹೇಳಬೇಡಿ. ಆಟಗಾರರ ಆಯ್ಕೆ ಲೀಗಿನ ನಿಯಮದಂತೆ ನಡೆಯುತ್ತದೆ, ತಂಡ ಬೇಕೆಂದವರನ್ನೆಲ್ಲ ಸೇರಿಸಿಕೊಳ್ಳಲಾಗದು. ಬಡ ಮನೆಯ ಹುಡುಗ ಆ ಮಾತು ನಂಬಿ ಕಾಲೇಜು ಬಿಟ್ಟರೆ ಅದರ ಹೊಣೆ ತಂಡದ್ದೇ. ಕೊಡಬಹುದಾದ್ದನ್ನು ಮಾತ್ರ ಹೇಳಿ: ಪೂರ್ವಸಿದ್ಧತಾ ಶಿಬಿರಕ್ಕೆ ಪ್ರತಿವರ್ಷ ಜಿಲ್ಲೆಯ 4ರಿಂದ 6 ನೆಟ್ ಬೌಲರ್‌ಗಳು, ಊಟ-ವಸತಿ-ದಿನಭತ್ಯೆ ಸಹಿತ. ಶಿಬಿರ ಮುಗಿಸಿ ಬಂದ ಹುಡುಗ ತನ್ನ ಊರಲ್ಲಿ ತಂಡಕ್ಕೆ ಮಾಡುವ ಪ್ರಚಾರವನ್ನು ಯಾವ ಜಾಹೀರಾತೂ ಮಾಡದು.

5. ಊರಿಗೆ ಪಂದ್ಯ ತರುವ ಪರದೆ

ಪಂದ್ಯ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವಾಗ ಕಲಬುರಗಿಯಲ್ಲಿ ಅಭಿಮಾನಿಗಳು ಒಬ್ಬರನ್ನೊಬ್ಬರು ಕಾಣುವ ಜಾಗ ಎಂದರೆ ದೊಡ್ಡ ಪರದೆ. ಮನೆಯಲ್ಲಿ ಒಂಟಿಯಾಗಿ ನೋಡಿದವನು ವೀಕ್ಷಕ ಅಷ್ಟೇ. ಮುನ್ನೂರು ಮಂದಿಯ ನಡುವೆ ಕೂಗಿದವನಿಗೆ ಪಕ್ಕದಲ್ಲಿ ಕೂಗಿದವನ ಮುಖ ನೆನಪಿರುತ್ತದೆ, ಮುಂದಿನ ವರ್ಷ ಅವನನ್ನು ಹುಡುಕಿಕೊಂಡು ಬರುತ್ತಾನೆ. ಆದ್ದರಿಂದ ಈ ಹಂತಕ್ಕೆ ದುಡ್ಡನ್ನೂ ತಲೆಯನ್ನೂ ಧಾರಾಳವಾಗಿ ಖರ್ಚು ಮಾಡಿ.

12×8 ಅಡಿಯ ಎಲ್‌ಇಡಿ ಪರದೆಗೆ 300 ಮಂದಿ ಸರಿಯಾದ ಲೆಕ್ಕ. ಪರದೆಯ ಎತ್ತರದ ಏಳು ಪಟ್ಟಿಗಿಂತ ದೂರ, ಅಂದರೆ ಸುಮಾರು 55 ಅಡಿ ಆಚೆ ಕುಳಿತವರಿಗೆ ಸ್ಕೋರ್ ಓದಲಾಗುವುದಿಲ್ಲ, ಅವರು ಎದ್ದು ಮುಂದೆ ಬರುತ್ತಾರೆ, ಅಲ್ಲಿಂದ ನೂಕಾಟ ಶುರು. ಹೆಚ್ಚು ಮಂದಿ ಬರುವರೆಂದಾದರೆ ಪರದೆ ದೊಡ್ಡದು ಮಾಡಿ, ಇಲ್ಲವೇ ಎರಡು ಜಾಗ ಮಾಡಿ. ಮಧ್ಯಾಹ್ನದ ಪಂದ್ಯಕ್ಕೆ ಬಿಸಿಲಲ್ಲಿ ಕಾಣುವ ಹೊರಾಂಗಣ ಪ್ಯಾನೆಲ್ ಬೇಕು, ಹೊಳಪು 4,500 ನಿಟ್ಸ್‌ಗಿಂತ (ಪರದೆಯ ಹೊಳಪಿನ ಅಳತೆ) ಕಡಿಮೆಯಾದರೆ ಬಿಳಿಚಿಕೊಳ್ಳುತ್ತದೆ. ಅದೇ ಪ್ಯಾನೆಲ್ ರಾತ್ರಿ ಪೂರ್ತಿ ಹೊಳಪಲ್ಲಿಟ್ಟರೆ ಕಣ್ಣು ಕುಕ್ಕುತ್ತದೆ, 1,000ದ ಆಸುಪಾಸಿಗೆ ಇಳಿಸಿ.

ವಿದ್ಯುತ್ತಿನ ಲೆಕ್ಕ ಹೀಗೆ: ಈ ಅಳತೆಯ ಪರದೆ ಗರಿಷ್ಠ 6ರಿಂದ 7 ಕಿಲೋವಾಟ್, ಧ್ವನಿ 3, ದೀಪ 2. ಒಟ್ಟು 12ಕ್ಕೆ 20 ಕೆವಿಎ ಜನರೇಟರ್ ಸುರಕ್ಷಿತ. ಜೆಸ್ಕಾಂನ ತಾತ್ಕಾಲಿಕ ಸಂಪರ್ಕ ಪಡೆದರೂ ಜನರೇಟರ್ ಇರಲೇಬೇಕು. ಸಿಗ್ನಲ್ ಪೆಟ್ಟಿಗೆ ಮತ್ತು ವಿಡಿಯೊ ಪ್ರೊಸೆಸರ್‌ಗೆ 2 ಕೆವಿಎ ಯುಪಿಎಸ್ ಬೇರೆ ಕೊಡಿ. ಜನರೇಟರ್ ಬದಲಾಗುವ ಹತ್ತು ಸೆಕೆಂಡಿನಲ್ಲಿ ಪೆಟ್ಟಿಗೆ ಆರಿ ಮತ್ತೆ ಏಳಲು ನಾಲ್ಕೈದು ನಿಮಿಷ ತೆಗೆದುಕೊಂಡರೆ ಕೊನೆಯ ಓವರ್ ಹೋಯಿತು. ಮೊದಲ ಆಯ್ಕೆ ಡಿಟಿಎಚ್, ಎರಡನೆಯದು ಇಂಟರ್ನೆಟ್. ಇಂಟರ್ನೆಟ್ ಪ್ರಸಾರ 20ರಿಂದ 40 ಸೆಕೆಂಡ್ ತಡವಾಗಿ ಬರುತ್ತದೆ, ಪಕ್ಕದ ಅಂಗಡಿಯ ಟಿವಿಯಿಂದ ಕೂಗು ಮೊದಲೇ ಕೇಳಿ ಪರದೆಯ ಮುಂದಿನವರಿಗೆ ರುಚಿ ಕೆಡುತ್ತದೆ.

ಟೂರ್ನಿ ನಡೆಯುವ ಆಗಸ್ಟ್ ಮಳೆಗಾಲ. ಪರದೆಯ ಚೌಕಟ್ಟಿನ ಬುಡಕ್ಕೆ ಭಾರ ಇಡಿಸಿ, ನಾಲ್ಕೂ ಕಡೆ ತಂತಿ ಬಿಗಿಸಿ. ಗಾಳಿ ಜೋರಾದರೆ ಪಂದ್ಯ ಎಷ್ಟೇ ರಂಗೇರಿರಲಿ, ಪರದೆ ಇಳಿಸುವ ಅಧಿಕಾರ ತಂತ್ರಜ್ಞನಿಗೆ ಇರಬೇಕು, ಸಂಘಟಕನಿಗಲ್ಲ.

ಅನುಮತಿಗಳು: ಪೊಲೀಸ್, ಮಹಾನಗರ ಪಾಲಿಕೆ, ಅಗ್ನಿಶಾಮಕ, ಜತೆಗೆ ಪ್ರಸಾರ ಹಕ್ಕು ಇರುವ ಸಂಸ್ಥೆಯಿಂದ ಸಾರ್ವಜನಿಕ ಪ್ರದರ್ಶನಕ್ಕೆ ಲಿಖಿತ ಒಪ್ಪಿಗೆ. ಕೊನೆಯದನ್ನು ಮರೆತವರಿಗೆ ನೋಟಿಸು ಬಂದೀತು. ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಸಂಜೆ 7ಕ್ಕೆ ಶುರುವಾದ ಟಿ20 ಪಂದ್ಯ 10 ದಾಟಿಯೇ ಮುಗಿಯುತ್ತದೆ, ಅಂದರೆ ಪಂದ್ಯದ ಬಿಸಿ ಏರುವ ಹೊತ್ತಿಗೇ ಧ್ವನಿ ನಿಲ್ಲಿಸಬೇಕಾಗುತ್ತದೆ. ದಾರಿ ಎರಡು: ರಾತ್ರಿ ಪಂದ್ಯಕ್ಕೆ ಬಾಗಿಲಿರುವ ಸಭಾಂಗಣ, ಮಧ್ಯಾಹ್ನದ ಪಂದ್ಯಕ್ಕೆ ಬಯಲು.

ಮಹಿಳೆಯರು ಬರಬೇಕು ಎನ್ನುವವರು ಭಿತ್ತಿಪತ್ರದಲ್ಲಿ ‘ಕುಟುಂಬ ಸಮೇತ ಬನ್ನಿ’ ಎಂದು ಬರೆದರೆ ಸಾಲದು. ಬೆಳಕಿರುವ ಶೌಚಾಲಯ ಪ್ರತಿ 50 ಮಹಿಳೆಯರಿಗೆ ಒಂದು, ಬಾಗಿಲಿಗೆ ಹತ್ತಿರದ ಬೇರೆ ಆಸನಸಾಲು, ಮಹಿಳಾ ಸ್ವಯಂಸೇವಕಿಯರು, ಮುಗಿದ ಮೇಲೆ ಮನೆಗೆ ಹೋಗಲು ಗಾಡಿ. ರಾತ್ರಿ ಹತ್ತರ ಮೇಲೆ ಟಂಟಂ ಸಿಗದ ಬಡಾವಣೆಗಳೇ ಹೆಚ್ಚು. ನಾಲ್ಕು ಗಾಡಿಗಳನ್ನು ಮೊದಲೇ ಗೊತ್ತುಮಾಡಿ, ಬಾಡಿಗೆ ದರ ಬರೆದು ಬಾಗಿಲಲ್ಲಿ ಅಂಟಿಸಿ.

6. ಬೆಂಗಳೂರಿನಲ್ಲಿರುವ ಕಲಬುರಗಿ

ಕಲ್ಯಾಣ ಕರ್ನಾಟಕದ ಮಂದಿ ಬೆಂಗಳೂರಿನಲ್ಲಿ ಎಷ್ಟಿದ್ದಾರೆ ಎಂಬುದು ಅಲ್ಲಿನ ಕಟ್ಟಡ ಕೆಲಸದ ಜಾಗ, ಪಿಜಿಗಳು, ಐಟಿ ಕಚೇರಿಗಳನ್ನು ನೋಡಿದವರಿಗೆ ಗೊತ್ತು. ಬೆಂಗಳೂರಲ್ಲಿ ಪಂದ್ಯವಿದ್ದಾಗ ‘ಇದು ನಮಗೆ ಹೊರಗಿನ ಮೈದಾನ’ ಎಂದು ಕೈಚೆಲ್ಲುವುದು ದೊಡ್ಡ ನಷ್ಟ. ಕ್ರೀಡಾಂಗಣದಿಂದ ಹತ್ತು ಕಿಲೋಮೀಟರ್ ಒಳಗೇ ಸೇಡಂ, ಶಹಾಪುರ, ಔರಾದದವರು ಇದ್ದಾರೆ. ಯಾರೂ ಅವರನ್ನು ಕರೆದಿಲ್ಲ, ಅಷ್ಟೆ.

ಒಂದು ಸ್ಟ್ಯಾಂಡನ್ನು ಊರಿನವರಿಗೆಂದೇ ಗೊತ್ತುಮಾಡಿ ಭಾನುವಾರದ ಪಂದ್ಯಕ್ಕೆ ಕರೆಯಿರಿ. ಕಟ್ಟಡ ಕಾರ್ಮಿಕರಿಗೆ ವಾರದ ನಡುವೆ ಬರಲು ಕೂಲಿ ಕಳೆದುಕೊಳ್ಳಬೇಕಾಗುತ್ತದೆ. ಅವರಿಗೆ ಆ್ಯಪ್‌ನಲ್ಲಿ ಟಿಕೆಟ್ ತೆಗೆಯಿರಿ ಎನ್ನಬೇಡಿ, ಮೇಸ್ತ್ರಿಯ ಕೈಗೆ ಕಾಗದದ ಟಿಕೆಟ್ ತಲುಪಿಸಿ. ಮೈದಾನದ ಹೊರಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಅಂಗಡಿ ಒಂದಿದ್ದರೆ ಊರಿನವರು ಅಲ್ಲೇ ಗುಂಪುಗೂಡುತ್ತಾರೆ.

ಕಲಬುರಗಿಯಿಂದ ಹೋಗುವವರಿಗೆ 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್ ಅನುಕೂಲ. ಬೆಳಗಿನ ಜಾವ ಹೊರಟು ಮಧ್ಯಾಹ್ನ 2ರ ಸುಮಾರಿಗೆ ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ತಲುಪುತ್ತದೆ, ಸಂಜೆಯ ಪಂದ್ಯಕ್ಕೆ ಧಾರಾಳ ಹೊತ್ತು. ವಾಪಸು ಮರುದಿನ ಮಧ್ಯಾಹ್ನ. ವಾರಕ್ಕೊಂದು ದಿನ ಓಡುವುದಿಲ್ಲ, ನೋಡಿಕೊಂಡು ಪಂದ್ಯ ಆರಿಸಿ. ರೈಲಿನ ಮುಂಗಡ ಕಾದಿರಿಸುವಿಕೆ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಲೀಗಿನ ವೇಳಾಪಟ್ಟಿ ಅಷ್ಟು ಮೊದಲು ಬಾರದಿದ್ದರೆ ಕೆಕೆಆರ್‌ಟಿಸಿಯ ಬಸ್ಸನ್ನು ಒಪ್ಪಂದದ ಮೇಲೆ ಪಡೆಯುವುದು ಮೇಲು. ಒಂದು ಬಸ್ಸಿಗೆ ಒಬ್ಬ ಮುಖ್ಯಸ್ಥ, ಪ್ರಯಾಣಿಕರ ಪಟ್ಟಿ, ಮದ್ಯ ನಿಷಿದ್ಧ.

7. ಬಳಗ ಅಭಿಮಾನಿಗಳದೇ ಆಗಿರಲಿ

ಫುಟ್‌ಬಾಲ್ ತಂಡಗಳಾದ ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್, ಕೇರಳ ಬ್ಲಾಸ್ಟರ್ಸ್‌ನ ಮಂಜಪ್ಪಡ ಎರಡೂ ಅಭಿಮಾನಿಗಳೇ ಕಟ್ಟಿಕೊಂಡ ಬಳಗಗಳು. ತಂಡ ಸೋತಾಗ ನಿಲ್ಲುವುದೂ, ಆಡಳಿತ ತಪ್ಪಿದಾಗ ಗಟ್ಟಿಯಾಗಿ ಕೇಳುವುದೂ ಅಂಥ ಬಳಗಗಳೇ. ತಂಡವೇ ದಿನಗೂಲಿ ಕೊಟ್ಟು ಕೂಗಿಸುವ ಗುಂಪು ದುಡ್ಡು ನಿಂತ ದಿನ ಕರಗುತ್ತದೆ.

ಹನ್ನೊಂದು ತಾಲ್ಲೂಕಿಗೆ ಒಬ್ಬೊಬ್ಬ ಸಂಚಾಲಕ, ಪ್ರತಿ ತಾಲ್ಲೂಕಲ್ಲಿ ಸಂಚಾಲಕ ಸೇರಿ 15 ಗಟ್ಟಿ ಮಂದಿ. ಒಟ್ಟು 165. ಮೊದಲ ವರ್ಷಕ್ಕೆ ಇದಕ್ಕಿಂತ ಹೆಚ್ಚು ಬಯಸಬೇಡಿ. ತಿಂಗಳಿಗೊಂದು ಸಭೆ, ತಂಡದ ಜವಾಬ್ದಾರ ಹಾಜರಿರಬೇಕು, ಕೇಳಿದ ಪ್ರಶ್ನೆಗೆ ಮುಂದಿನ ಸಭೆಯೊಳಗೆ ಬರಹದಲ್ಲಿ ಉತ್ತರ ಕೊಡಬೇಕು. ಒಂದು ಪುಟದ ನಿಯಮಾವಳಿ ಸಾಕು: ಎದುರಾಳಿ ಆಟಗಾರನ ಜಾತಿ, ಧರ್ಮ, ಮನೆಯವರನ್ನು ಹಿಡಿದು ಬೈಯುವುದಿಲ್ಲ, ಕುಡಿದು ಬರುವುದಿಲ್ಲ, ಬ್ಯಾನರಿನ ಮೇಲೆ ಯಾವ ಪಕ್ಷದ ಯಾವ ನಾಯಕರ ಚಿತ್ರವೂ ಇರುವುದಿಲ್ಲ. ಮೂರನೆಯದನ್ನು ಪಾಲಿಸುವುದು ನಮ್ಮ ಊರಲ್ಲಿ ಕಷ್ಟ. ‘ಸಾಹೇಬರ ಫೋಟೊ ಸಣ್ಣದಾಗಿ ಹಾಕೋಣ’ ಎಂದು ಯಾರೋ ಪ್ರೀತಿಯಿಂದಲೇ ಕೇಳುತ್ತಾರೆ. ಒಮ್ಮೆ ಹಾಕಿದರೆ ಎದುರು ಪಕ್ಷದ ಅರ್ಧ ಊರು ಆ ಬ್ಯಾನರಿನ ಕೆಳಗೆ ಬಂದು ಕೂರುವುದಿಲ್ಲ. ಮಾಲೀಕರೇ ಮುಂದೆ ನಿಂತು ‘ಬೇಡ’ ಎನ್ನಬೇಕು, ಬಳಗದ ಹುಡುಗರ ಮೇಲೆ ಆ ಭಾರ ಹಾಕಬಾರದು.

ಕೂಗು ನಾಲ್ಕೋ ಐದೋ ಸಾಕು. ಒಂದೊಂದು ಎಂಟು ಸೆಕೆಂಡಿನೊಳಗೆ, ಒಬ್ಬ ಎತ್ತಿಕೊಟ್ಟರೆ ಉಳಿದವರು ಮುಗಿಸುವಂತೆ, ಕನ್ನಡದಲ್ಲೂ ದಖ್ಖನಿಯಲ್ಲೂ. ಹಲಗೆ ನಾಲ್ಕು, ಡೊಳ್ಳು ಎರಡು. ವಾದ್ಯ ಒಳಗೆ ಬಿಡುವರೇ ಎಂದು ಕ್ರೀಡಾಂಗಣಕ್ಕೆ ಹತ್ತು ದಿನ ಮೊದಲೇ ಪತ್ರ ಬರೆಯಿರಿ.

ಸದಸ್ಯತ್ವ ವರ್ಷಕ್ಕೆ ₹100ರಿಂದ ₹200. ಪೂರ್ತಿ ಉಚಿತ ಮಾಡಬೇಡಿ, ಪಾಸು ಹಂಚುವ ಚಟ ಒಮ್ಮೆ ಹತ್ತಿದರೆ ಟಿಕೆಟ್ ಕೊಂಡು ಬರುವವನು ದಡ್ಡ ಎನಿಸಿಕೊಳ್ಳುತ್ತಾನೆ. ಅಭಿಮಾನಿ ಜೆರ್ಸಿಯ ಬೆಲೆ ₹300–400ರ ಒಳಗಿರಲಿ. ಸಾವಿರದ ಜೆರ್ಸಿ ಬೇಕಾದವರಿಗೆ ಅದೂ ಇರಲಿ, ಗಂಜ್‌ನ ಹಮಾಲರ ಮಗನಿಗೆ ಮೊದಲನೆಯದು ಬೇಕು.

8. ಗುಂಪಿನ ಲೆಕ್ಕ ತಪ್ಪಬಾರದು

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಐಪಿಎಲ್ ಗೆದ್ದ ಸಂಭ್ರಮದಲ್ಲಿ ನಡೆದ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಹದಿಹರೆಯದವರೂ ಅವರಲ್ಲಿದ್ದರು. ಅಭಿಮಾನ ಕಟ್ಟುವ ಕೆಲಸಕ್ಕೆ ಇಳಿದವರು ಈ ದಿನವನ್ನು ಮರೆಯುವ ಹಾಗಿಲ್ಲ.

ಮೈದಾನದ ಸಾಮರ್ಥ್ಯಕ್ಕಿಂತ ಹೆಚ್ಚು ಮಂದಿಗೆ ಕರೆ ಕೊಡಬೇಡಿ. ಎಷ್ಟು ಜಾಗವಿದೆ, ಪಾಸು ಬೇಕೋ ಬೇಡವೋ, ಯಾವ ಬಾಗಿಲು, ಈ ಮೂರೂ ಒಂದೇ ಪ್ರಕಟಣೆಯಲ್ಲಿ ಸ್ಪಷ್ಟವಾಗಿರಬೇಕು. ಮಧ್ಯದಲ್ಲಿ ಬದಲಿಸಬಾರದು. ಬಾಗಿಲಿನ ಲೆಕ್ಕಕ್ಕೆ ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಅಳತೆ ಉಪಯುಕ್ತ: ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಮಂದಿ, ಮೆಟ್ಟಿಲಲ್ಲಿ 66, ಎಲ್ಲರೂ 8 ನಿಮಿಷದಲ್ಲಿ ಹೊರಬರಬೇಕು. 2 ಮೀಟರ್ ಅಗಲದ ಒಂದು ಬಾಗಿಲಿನಿಂದ 8 ನಿಮಿಷಕ್ಕೆ ಹೆಚ್ಚೆಂದರೆ 1,300 ಮಂದಿ. 4,000 ಮಂದಿಯನ್ನು ಕರೆದಿದ್ದರೆ ಅಂಥ ನಾಲ್ಕು ಬಾಗಿಲು ತೆರೆದಿರಬೇಕು, ಬೀಗದ ಕೈ ಹಿಡಿದ ವ್ಯಕ್ತಿ ಬಾಗಿಲ ಬಳಿಯೇ ನಿಂತಿರಬೇಕು. ಬಾಗಿಲ ಮುಂದೆ ಹತ್ತು ಮೀಟರ್ ಜಾಗದಲ್ಲಿ ಬೈಕು, ಗಾಡಿ, ಅಂಗಡಿ ಏನೂ ಇರಕೂಡದು. ನಿಂತು ನೋಡುವ ಜಾಗದಲ್ಲಿ ಚದರ ಮೀಟರಿಗೆ ನಾಲ್ಕು ಮಂದಿ ತುಂಬಿದ ಕೂಡಲೇ ಒಳಬಿಡುವುದನ್ನು ನಿಲ್ಲಿಸಿ. ಹೊರಗೆ ಉಳಿದವರಿಗೆ ಹೇಳಲು ಮೈಕು, ಕುಡಿಯಲು ನೀರು ಸಿದ್ಧವಿರಲಿ.

9. ದುಡ್ಡು ಯಾರದು

ತೊಗರಿ ಬೇಳೆ ಗಿರಣಿಗಳು, ಸಿಮೆಂಟ್ ಕಂಪನಿಗಳು, ಸಹಕಾರಿ ಬ್ಯಾಂಕುಗಳು, ಬಟ್ಟೆ ಅಂಗಡಿಗಳು. ಒಬ್ಬರಿಂದ ದೊಡ್ಡ ಮೊತ್ತಕ್ಕಿಂತ ಇಪ್ಪತ್ತು ಮಂದಿಯಿಂದ ಸಣ್ಣ ಮೊತ್ತ ಮೇಲು. ಒಬ್ಬರು ಹೋದರೂ ಶಾಲೆಯ ಕೆಲಸ ನಿಲ್ಲುವುದಿಲ್ಲ. ಗುಟ್ಕಾ, ಮದ್ಯದ ಹೆಸರಿನ ಮರೆಯ ಜಾಹೀರಾತು ಮಕ್ಕಳ ಜೆರ್ಸಿಯ ಮೇಲೆ ಬೇಡವೇ ಬೇಡ. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಕರ್ನಾಟಕ ಪ್ರೀಮಿಯರ್ ಲೀಗ್ 2009ರಲ್ಲಿ ಶುರುವಾಗಿ, ಬೆಟ್ಟಿಂಗ್-ಫಿಕ್ಸಿಂಗ್ ತನಿಖೆಯ ನಡುವೆ 2019ರ ಆವೃತ್ತಿಗೆ ನಿಂತದ್ದು ನೆನಪಿರುವ ಪ್ರೇಕ್ಷಕರು ಇನ್ನೂ ಇದ್ದಾರೆ. ಅವರು ‘ಎಲ್ಲಾ ಮೊದಲೇ ಸೆಟ್ ಆಗಿರ್ತದ್ರಿ’ ಎಂದಾಗ ಜಗಳಕ್ಕೆ ಇಳಿಯಬೇಡಿ. ತಂಡದ ವಾರ್ಷಿಕ ಖರ್ಚು, ಪ್ರಾಯೋಜಕರ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿ.

10. ಏನನ್ನು ಎಣಿಸಬೇಕು

ಇನ್‌ಸ್ಟಾಗ್ರಾಂ ಹಿಂಬಾಲಕರನ್ನಲ್ಲ. ಈ ನಾಲ್ಕನ್ನು ವರ್ಷಕ್ಕೊಮ್ಮೆ, ಫೆಬ್ರುವರಿ ಕೊನೆಗೆ ಎಣಿಸಿ: ಕಳೆದ ವರ್ಷದ ಸದಸ್ಯರಲ್ಲಿ ಎಷ್ಟು ಮಂದಿ ಮತ್ತೆ ದುಡ್ಡು ಕಟ್ಟಿದರು, ಪರದೆಯ ಮುಂದೆ ಮೂರಕ್ಕಿಂತ ಹೆಚ್ಚು ಸಲ ಬಂದವರು ಎಷ್ಟು, ಅವರಲ್ಲಿ ಮಹಿಳೆಯರು ಎಷ್ಟು, ಹನ್ನೊಂದರಲ್ಲಿ ಎಷ್ಟು ತಾಲ್ಲೂಕುಗಳಲ್ಲಿ ಬಳಗದ ಸಭೆ ತಪ್ಪದೆ ನಡೆಯಿತು.

ಗೆದ್ದ ವರ್ಷದ ಅಂಕಿ ನೋಡಿ ಹಿಗ್ಗಬೇಡಿ, ಗೆದ್ದಾಗ ಎಲ್ಲರೂ ಬರುತ್ತಾರೆ. ತಂಡ ಪಟ್ಟಿಯ ಕೊನೆಯಲ್ಲಿದ್ದ ವರ್ಷದ ಅಂಕಿಯೇ ನಿಜವಾದ ಅಳತೆ. ಆ ವರ್ಷ ಅರ್ಧದಷ್ಟು ಸದಸ್ಯರು ಮರಳಿ ಬಂದಿದ್ದರೆ ಬೇರು ಇಳಿದಿದೆ ಎಂದು ತಿಳಿಯಿರಿ. ಕಾಲುಭಾಗಕ್ಕಿಂತ ಕಡಿಮೆ ಬಂದಿದ್ದರೆ, ಬಾರದವರಲ್ಲಿ ಐವತ್ತು ಮಂದಿಗೆ ತಂಡದ ಜವಾಬ್ದಾರನೇ ಫೋನ್ ಮಾಡಿ ಕಾರಣ ಕೇಳಲಿ. ಸೋಲು ಎಂದು ಹೇಳುವವರು ಕೆಲವರು ಇರುತ್ತಾರೆ. ಹೆಚ್ಚಿನವರು ‘ಯಾರೂ ಕರೆಯಲಿಲ್ಲ’, ‘ಕಾರ್ಡು ಕೈಗೆ ಬರಲೇ ಇಲ್ಲ’, ‘ಕಳೆದ ಸಲ ಕೂರಲು ಜಾಗ ಸಿಗಲಿಲ್ಲ’ ಎಂಬಂಥ ಕಾರಣ ಕೊಟ್ಟರೆ ಅದು ಒಳ್ಳೆಯ ಸುದ್ದಿ. ಅವನ್ನೆಲ್ಲ ಮುಂದಿನ ಬಿತ್ತನೆಗೆ ಮೊದಲೇ ಸರಿಪಡಿಸಬಹುದು.